ಗ್ಯಾಲರಿಯ ಹಳದಿ ಹೂವಿನ ವಿಷಯವಾಗಿ ಒಂದು ಬಹಿರಂಗ ಪತ್ರ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬಿಡಾರ ಹೂಡಿರುವ, ಕುಂಡದಲ್ಲಿ ನಾಲ್ಕು ಹೂಗಿಡಗಳನ್ನಾದರೂ ಸಾಕುತ್ತಿರುವ ಕನ್ನಡ ಬಂಧುಭಗಿನಿಯರ ಸನ್ನಿಧಿಗೆ,



ಮಳೆಗಾಲವು ಹಿಂದೆ ಸರಿದು, ಗ್ರಿಲ್ಲಿನ ಕಂಬಿಗಳ ಮೇಲಣ ಪಾಚಿಯನ್ನು ಉಜ್ಜಿ ತೊಳೆದು, ನವರಾತ್ರಿಗೂ ದೀಪಾವಳಿಗೂ ನಡುವಣ ಬಿಡುವಿನಲ್ಲಿ ಕುಂಡಗಳ ಮಣ್ಣನ್ನು ಸಡಿಲಿಸಿ ಹೊಸ ಗೊಬ್ಬರವಿಕ್ಕುವ ಕಾಲಕ್ಕೆ ಸರಿಯಾಗಿ, ನಮ್ಮವರ ಮನೆಗಳಲ್ಲಿ ಒಂದು ಆಸೆ ತಲೆಯೆತ್ತುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಡ್ಯಾಫೊಡಿಲ್ ಹೂವನ್ನು, ಅದರಲ್ಲಿಯೂ ಗೇಣುದ್ದವನ್ನು ಮೀರದ ಅದರ ಗಿಡ್ಡ ತಳಿಗಳನ್ನು, ನಮ್ಮ ಗ್ಯಾಲರಿಯಲ್ಲಿ ಅರಳಿಸಬೇಕೆಂಬ ಆಸೆ ಅದು. ಆಸೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಹೂವಿನ ಮೇಲಿನ ಆಸೆಯನ್ನು ಹಳಿಯುವವನ ಮಾತನ್ನು ನೀವು ಕೇಳಬೇಕಾದ ಅಗತ್ಯವೂ ಇಲ್ಲ. ಆದರೆ ಆ ಗಿಡವು ಯಾವ ನೆಲದಲ್ಲಿ ಸಲ್ಲುವುದು, ಸಲ್ಲದ ನೆಲದಲ್ಲಿ ಅದರ ಬದಲಿಗೆ ಯಾವುದನ್ನು ನೆಚ್ಚಬಹುದು ಎಂಬೀ ವಿಚಾರವನ್ನು ಒಮ್ಮೆ ನಿಮ್ಮೆಲ್ಲರೆದುರಿಗೆ ಬಿಚ್ಚಿ ಹೇಳಿಬಿಡುವುದು ಒಳ್ಳೆಯದೆಂದು ತೋರಿದ್ದರಿಂದ ಈ ಪತ್ರ.

ಕುಂದಾಪುರದಲ್ಲಿ ಓದಿದವರಾಗಲಿ ಗದಗಿನಲ್ಲಿ ಓದಿದವರಾಗಲಿ, ನಮ್ಮಲ್ಲಿ ಹೆಚ್ಚಿನವರು ಈ ಹೂವನ್ನು ಕಣ್ಣಾರೆ ಕಾಣುವುದಕ್ಕೆ ಮುಂಚೆ ಇಂಗ್ಲಿಷ್ ಪಾಠಪುಸ್ತಕದಲ್ಲಿ ಕಂಡವರು. ವರ್ಡ್ಸ್‌ವರ್ತ್ ಕವಿಯು ತಂಗಿ ಡೊರೊತಿಯೊಡನೆ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಬರುತ್ತ ಆ ಹೂಗಳ ಸಾಲನ್ನು ಕಂಡದ್ದು 1802ರ ಏಪ್ರಿಲ್ 15ರಂದು. ಪದ್ಯವು ಅಚ್ಚಾಗಿ ಹೊರಬಂದದ್ದು 1807ರಲ್ಲಿ. ಆ ದಿನದ ನೋಟವನ್ನು ಗದ್ಯದಲ್ಲಿ, ತನ್ನ ದಿನಚರಿಯಲ್ಲಿ, ಬರೆದಿಟ್ಟವಳು ಡೊರೊತಿ. (ಈ ಸಂಗತಿಯನ್ನು ನಮ್ಮ ಮೇಷ್ಟರುಗಳು ಹೇಳಲಿಲ್ಲ, ಹೇಳಿದ್ದರೆ ನಮ್ಮ ತರಗತಿಯ ಹೆಣ್ಣುಮಕ್ಕಳಿಗೆ ಆ ಪದ್ಯದ ಮೇಲೆ ಇನ್ನಷ್ಟು ಮಮತೆ ಹುಟ್ಟುತ್ತಿತ್ತೋ ಏನೋ.) ಅವರಿಬ್ಬರೂ ಕಂಡದ್ದು ಇಂಗ್ಲೆಂಡಿನ ಕಾಡು ಡ್ಯಾಫೊಡಿಲ್ಲನ್ನು. ಈಗಿನ ಉದ್ಯಾನಗಳ ದೊಡ್ಡ ತಳಿಗಳೆದುರು ಅದು ಗಿಡ್ಡವೇ. ಆದುದರಿಂದ ಗಿಡ್ಡ ತಳಿಯನ್ನು ಬಯಸುವವರು ಪದ್ಯಕ್ಕೆ ಹೆಚ್ಚು ಸಮೀಪದಲ್ಲಿದ್ದಾರೆ ಎಂದೇ ಹೇಳಬೇಕು.

ಗಿಡ್ಡ ತಳಿಗಳಲ್ಲಿ ಜಗತ್ತಿನಲ್ಲೆಲ್ಲ ಹೆಸರಾದದ್ದು ‘ಟೆಟ್-ಅ-ಟೆಟ್’. ಕಾರ್ನ್‌ವಾಲಿನಲ್ಲಿ ತೋಟ ಮಾಡಿಕೊಂಡಿದ್ದ ಅಲೆಕ್ ಗ್ರೇ ಎಂಬವರು ಕಳೆದ ಶತಮಾನದ ಮಧ್ಯಭಾಗದಲ್ಲಿ ಅದನ್ನು ಬೆಳೆಸಿ ಲೋಕಕ್ಕೆ ಕೊಟ್ಟರು. ಎತ್ತರ 15ರಿಂದ 20 ಸೆಂಟಿಮೀಟರು. ಒಂದೇ ದಂಟಿನ ತುದಿಯಲ್ಲಿ ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ಹೂಗಳು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ಆರಿಂಚಿನ ಕುಂಡ ಸಾಕು, ಗಾಳಿಗೆ ದಂಟು ಮುರಿಯದು, ಗ್ರಿಲ್ಲಿನ ಮೇಲ್ಕಂಬಿಗೆ ತಲೆ ತಾಗದು. ನಮ್ಮಂತಹ ಒಂದು ಬೆಡ್‌ರೂಮಿನ ಸಂಸಾರಿಗರಿಗಾಗಿಯೇ ಮಾಡಿದಂತಿದೆಯಲ್ಲ ಎಂದು ಚಿತ್ರವನ್ನು ನೋಡಿದವರಿಗೆ ಅನ್ನಿಸುವುದು ಸಹಜವೇ ಆಗಿದೆ.

ಆದರೆ ಆ ಗೆಡ್ಡೆಯು ಕೇಳುವುದು ಜಾಗವನ್ನಲ್ಲ, ಚಳಿಯನ್ನು. ಇದರ ಮರ್ಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಲಿ. ಡ್ಯಾಫೊಡಿಲ್ಲಿನ ಕುಲದ ಮೂಲನೆಲೆಯು ಸ್ಪೇನ್, ಪೋರ್ಚುಗಲ್‌ಗಳ ಗುಡ್ಡಗಾಡು ಮತ್ತು ಅದರ ಆಸುಪಾಸಿನ ದೇಶಗಳು. ಅಲ್ಲಿ ಬೇಸಗೆಯು ಒಣ, ಚಳಿಗಾಲವು ತೇವ. ಎಲೆ ಬಾಡಿ ಗೆಡ್ಡೆಯು ಮಣ್ಣಿನೊಳಗೆ ಮಲಗಿದ ಬೇಸಗೆಯಲ್ಲಿಯೇ ಮುಂದಿನ ವರುಷದ ಹೂವಿನ ಮೊಗ್ಗು ಅದರ ಗರ್ಭದಲ್ಲಿ ರೂಪುಗೊಂಡುಬಿಡುತ್ತದೆ. ಗೆಡ್ಡೆಯ ಪದರಪದರಗಳೆಲ್ಲ ಆ ಮೊಗ್ಗಿಗಾಗಿ ಕಟ್ಟಿಟ್ಟ ಬುತ್ತಿ. ಆದರೆ ಮೊಗ್ಗು ರೂಪುಗೊಂಡ ಮಾತ್ರಕ್ಕೆ ದಂಟು ಮೇಲೇಳುವುದಿಲ್ಲ. ಸುಮಾರು 12ರಿಂದ 16 ವಾರಗಳ ಕಾಲ, ಒಂಬತ್ತು ಡಿಗ್ರಿಗಿಂತ ಮೇಲೇರದ ತಂಪು ಗೆಡ್ಡೆಯನ್ನು ಸುತ್ತುವರಿದಿದ್ದರೆ ಮಾತ್ರ ಅದು ಚಳಿಗಾಲ ಕಳೆಯಿತೆಂದು ತಿಳಿದು ದಂಟನ್ನು ನೀಳಗೊಳಿಸುತ್ತದೆ. ನಮ್ಮಲ್ಲಿಯಾದರೋ ಉಷ್ಣತೆಯು ಹದಿನೈದಕ್ಕೆ ಇಳಿಯಿತೆಂದರೆ ಅದು ಮರುದಿನದ ಪತ್ರಿಕೆಯಲ್ಲಿ ಸುದ್ದಿ; ಕಪಾಟಿನ ತಳದಿಂದ ಶಾಲನ್ನು ತೆಗೆದು ಹೊದೆದುಕೊಂಡು ಲೋಕಲ್ ಹಿಡಿಯುವವರು ಅದನ್ನೇ ಠಾಣೆಯವರೆಗೆ ಮಾತಾಡುತ್ತಾರೆ. ಅದರ ಮೇಲೆ, ಗೆಡ್ಡೆಯು ಒಣಗಿ ಮಲಗಬೇಕಾದ ತಿಂಗಳುಗಳಲ್ಲಿಯೇ ನಮ್ಮ ನೆಲದ ಮೇಲೆ ಸುಮಾರು 2500 ಮಿಲಿಮೀಟರು ಮಳೆ ಸುರಿಯುತ್ತದೆ. ಚಳಿ ಬೇಕಾದಾಗ ಚಳಿಯಿಲ್ಲ, ಒಣಹವೆ ಬೇಕಾದಾಗ ಅದೂ ಇಲ್ಲ.

ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ದಂಪತಿಗಳಿಗೆ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ಮಗಳು ಒಂದು ಪೊಟ್ಟಣ ಗೆಡ್ಡೆಗಳನ್ನು ಕೊಟ್ಟು ಕಳಿಸಿದ್ದಳು. ಕಾರ್ತಿಕದಲ್ಲಿ ನೆಟ್ಟದ್ದಾಯಿತು. ಎಲೆಗಳು ಮೂಡಿದಾಗ ಮನೆಯಲ್ಲಿ ಹಬ್ಬ; ಬಂದುಹೋದವರಿಗೆಲ್ಲ ಕುಂಡವನ್ನು ತೋರಿಸಿದರು. ಸಂಕ್ರಾಂತಿಯ ಹೊತ್ತಿಗೆ ಎಲೆಗಳು ಬೆಳಕಿನ ಕಡೆಗೆ ಜೋತು, ಕಂಬಿಯ ಮೇಲೆ ಮಲಗಿದವು. ನಾನು ಬಾಗಿ ಎಲೆಗಳ ಬುಡವನ್ನು ಬಿಡಿಸಿ ನೋಡಿದೆ: ಅವುಗಳ ನಡುವೆ, ಮಣ್ಣಿನಿಂದ ಎರಡು ಬೆರಳಷ್ಟೇ ಮೇಲೆ, ಮೊಗ್ಗೊಂದು ಸಿಕ್ಕಿಕೊಂಡು, ತನ್ನ ಪೊರೆಯೊಳಗೇ ಕಂದುಗಟ್ಟಿ ಒಣಗಿತ್ತು, ಬೆರಳು ತಾಗಿದೊಡನೆ ಪುಡಿಯಾಯಿತು. “ನೀರು ಹೆಚ್ಚಾಯಿತೇ ರಾಯರೇ, ಇಲ್ಲ ಬಿಸಿಲು ಸಾಲಲಿಲ್ಲವೇ?” ಎಂದು ಆ ತಾಯಿ ಕೇಳಿದರು. ನೀರೂ ಸರಿಯಾಗಿತ್ತು, ಬಿಸಿಲೂ ಸರಿಯಾಗಿತ್ತು. ಆಷಾಢದಲ್ಲಿ ಕುಂಡವನ್ನು ಬೋರಲು ಹಾಕಿದಾಗ ಗೆಡ್ಡೆಗಳು ಮೆತ್ತಗಾಗಿ ಕೊಳೆತ ವಾಸನೆ ಬೀರುತ್ತಿದ್ದವು. ಆ ತಾಯಿಯ ಕೈಗುಣದಲ್ಲಿ ಲೋಪವಿರಲಿಲ್ಲ ಎಂಬುದಕ್ಕೆ ಪಕ್ಕದ ಕುಂಡದ ದಾಸವಾಳವೇ ಸಾಕ್ಷಿಯಾಗಿತ್ತು. ಇಂತಹ ವೈಫಲ್ಯಕ್ಕೆ ತಮ್ಮನ್ನು ತಾವೇ ದೂರಿಕೊಳ್ಳುವ ತಾಯಂದಿರು ನಮ್ಮಲ್ಲಿ ಅನೇಕರಿರುವುದರಿಂದಲೇ ಇಷ್ಟು ವಿವರವಾಗಿ ಬರೆದೆ.

ಫ್ರಿಜ್ಜಿನಲ್ಲಿಟ್ಟರಾಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ಸೆಪ್ಟೆಂಬರಿನಿಂದ ಡಿಸೆಂಬರಿನ ನಡುಭಾಗದವರೆಗೆ ಒಳಗಿಟ್ಟು, ಬಳಿಕ ನೆಟ್ಟು, ಮನೆಯ ಅತಿ ತಂಪಾದ ಕಿಟಕಿಯ ಬಳಿ ಇರಿಸಿದರೆ ಒಂದು ಸಲದ ಮಟ್ಟಿಗೆ ಹೂ ಬರುವ ಸಂಭವವುಂಟು. ಆದರೆ ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆ, ಚಿಕ್ಕು ಮುಂತಾದ ಹಣ್ಣುಗಳನ್ನು ಇಡಕೂಡದು; ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲವು ಗೆಡ್ಡೆಯೊಳಗಣ ಮೊಗ್ಗನ್ನು ಕೊಲ್ಲುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಡ್ಯಾಫೊಡಿಲ್ ಗೆಡ್ಡೆಯು ಈರುಳ್ಳಿಯನ್ನೇ ಹೋಲುತ್ತದೆ ಮತ್ತು ಅದು ವಿಷ. ಅದರಲ್ಲಿರುವ ಲೈಕೊರಿನ್ ಎಂಬ ಆಲ್ಕಲಾಯ್ಡ್ ವಾಂತಿಭೇದಿಗಳನ್ನುಂಟುಮಾಡುತ್ತದೆ. (ಇದೇ ಕುಲದ ಗೆಡ್ಡೆಯಿಂದ ಗ್ಯಾಲಂಟಮಿನ್ ಎಂಬ ಮರೆವುರೋಗದ ಔಷಧವನ್ನು ತೆಗೆಯುತ್ತಾರೆ, ವೇಲ್ಸಿನಲ್ಲಿ ಅದಕ್ಕಾಗಿಯೇ ಬೆಳೆಯುತ್ತಾರೆ, ಆದರೆ ಅದು ಔಷಧಶಾಲೆಯ ಮಾತು, ಅಡುಗೆಮನೆಯದಲ್ಲ.) ಅಡುಗೆಗೆ ಬೇರೆಯವರು ಬರುವ ಮನೆಯಲ್ಲಿ, ಮಕ್ಕಳಿರುವ ಮನೆಯಲ್ಲಿ, ತರಕಾರಿಯ ಬುಟ್ಟಿಯ ಹತ್ತಿರ ಅದು ಸುಳಿಯದಿರಲಿ. ಇಷ್ಟೆಲ್ಲ ಎಚ್ಚರ ವಹಿಸಿಯೂ ಮರುವರುಷ ಆ ಗೆಡ್ಡೆ ಏಳುವುದಿಲ್ಲ ಎಂಬುದನ್ನು ಅರಿತೇ ಈ ಆಟಕ್ಕೆ ಇಳಿಯಿರಿ. ಚಳಿಯನ್ನೇ ಕೇಳದ ‘ಪೇಪರ್‌ವೈಟ್’ ಎಂಬ ಬಿಳಿಯ, ಕಂಪುಳ್ಳ ದಾಯಾದಿಯೊಂದಿದೆ. ಬೆಣಚುಕಲ್ಲು ತುಂಬಿದ ಬಟ್ಟಲಲ್ಲಿ ನೀರೆರೆದಿಟ್ಟರೂ ನಾಲ್ಕಾರು ವಾರಗಳಲ್ಲಿ ಹೂಬಿಡುತ್ತದೆ. ಹಟ ಬಿಡದವರಿಗೆ ನಾನು ಸೂಚಿಸುವುದು ಅದನ್ನೇ.

ಬೀಜದ ಪೊಟ್ಟಣಗಳ ವಿಷಯದಲ್ಲಿ ಮಾತ್ರ ನನಗೆ ಸೌಮ್ಯವಾಗಿರಲು ಸಾಧ್ಯವಿಲ್ಲ. ನೀಲಿ, ನೇರಳೆ, ಕಾಮನಬಿಲ್ಲಿನ ಬಣ್ಣಗಳ ಡ್ಯಾಫೊಡಿಲ್ಲುಗಳನ್ನು ಚಿತ್ರಿಸಿ, ಬಿತ್ತಿದರೆ ಒಂದೆರಡು ತಿಂಗಳಲ್ಲಿ ಹೂವೆಂದು ಆಸೆ ಹುಟ್ಟಿಸುವ ಪೊಟ್ಟಣಗಳು ಮೊಬೈಲಿನೊಳಗಿನ ಅಂಗಡಿಗಳಲ್ಲಿ ಬೇಕಾದಷ್ಟಿವೆ. ನೀಲಿಯ ಡ್ಯಾಫೊಡಿಲ್ ಎಂಬುದು ಸೃಷ್ಟಿಯಲ್ಲಿಲ್ಲ. ಬೀಜದಿಂದ ಬೆಳೆದ ಡ್ಯಾಫೊಡಿಲ್, ಅದಕ್ಕೆ ಒಗ್ಗುವ ದೇಶದಲ್ಲಿಯೇ, ಹೂಬಿಡಲು ಹಲವು ವರುಷಗಳನ್ನು ತೆಗೆದುಕೊಳ್ಳುತ್ತದೆ. ದಯವಿಟ್ಟು ಆ ಪೊಟ್ಟಣಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಮನೆಯ ಹಿರಿಯರು ಕೊಳ್ಳಲು ಹೊರಟರೆ ಮಕ್ಕಳು ಮೊಮ್ಮಕ್ಕಳು ಮೃದುವಾಗಿ ತಡೆಯಿರಿ. ಹಾಗೆಯೇ ಪರದೇಶದಲ್ಲಿರುವ ಮಕ್ಕಳಿಗೂ ಒಂದು ವಿನಂತಿ. ಸಸ್ಯ ಸಂಪರ್ಕನಿರೋಧದ 2003ರ ಆದೇಶದ ಮೇರೆಗೆ, ಗೆಡ್ಡೆ ಗಿಡಗಳನ್ನು ನಮ್ಮ ದೇಶದೊಳಕ್ಕೆ ತರಲು ಅನುಮತಿಪತ್ರವೂ ಅಲ್ಲಿಯ ಸರಕಾರದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯ ನಡುವೆ ಬರುವ ಗೆಡ್ಡೆಯೊಡನೆ ಅಲ್ಲಿನ ಮಣ್ಣಿನ ಹುಳು, ಬೂಷ್ಟುಗಳೂ ಬರಬಲ್ಲವು. ಅಮ್ಮನಿಗೆ ಕಳಿಸಲು ಚಾಕಲೇಟು ಇದ್ದೇ ಇದೆ.

ಇನ್ನು ನನ್ನ ಮುಖ್ಯ ಅರಿಕೆಗೆ ಬರುತ್ತೇನೆ. ಡ್ಯಾಫೊಡಿಲ್ಲು ಚಳಿಯಿಂದ ಕಾಲವನ್ನು ಎಣಿಸುವ ಗಿಡ. ನಮ್ಮ ನಾಡು ಮಳೆಯಿಂದ ಕಾಲವನ್ನು ಎಣಿಸುವ ನಾಡು. ಆದುದರಿಂದ ಮಳೆಯಿಂದ ಕಾಲವೆಣಿಸುವ ಗೆಡ್ಡೆಗಳನ್ನು ಹುಡುಕಬೇಕು, ಮತ್ತು ಅವು ಡ್ಯಾಫೊಡಿಲ್ಲಿನ ಕುಟುಂಬದಲ್ಲಿಯೇ, ಅಂದರೆ ಅಮರಿಲಿಡೇಸಿ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಆ ದೊಡ್ಡ ಮನೆತನದಲ್ಲಿಯೇ, ಧಾರಾಳವಾಗಿ ಸಿಗುತ್ತವೆ. ಕಲ್ಯಾಣದಿಂದ ಮುರಬಾಡದ ಕಡೆಗೆ ಜ್ಯೇಷ್ಠಮಾಸದ ಮೊದಲ ಮಳೆಗಳು ಬಿದ್ದ ವಾರದಲ್ಲಿ ಹೋದವರು, ಕಲ್ಲುಗುಡ್ಡದ ಇಳಿಜಾರಿನ ಹಸಿ ಮಣ್ಣಿನಲ್ಲಿ, ಹುಲ್ಲು ಇನ್ನೂ ಎದ್ದಿರದ ಜಾಗದಲ್ಲಿ, ನೆಲದಿಂದ ಗೇಣೂ ಮೇಲೇಳದ ಬಿಳಿಯ ಹೂವೊಂದನ್ನು ಕಂಡಿರಬಹುದು. ಆರು ಎಸಳು, ನಡುವೆ, ಕೇಸರಗಳ ಬುಡವೇ ಕೂಡಿಕೊಂಡು ಆದ ಒಂದು ಬಟ್ಟಲು. ಡ್ಯಾಫೊಡಿಲ್ಲಿನ ಬಟ್ಟಲು ಬೇರೆ ಬಗೆಯಲ್ಲಿ ಹುಟ್ಟಿದ್ದು, ಆದರೆ ನೋಟಕ್ಕೆ ಇವೆರಡೂ ಅಕ್ಕತಂಗಿಯರೇ. ಇದನ್ನು ಪ್ಯಾಂಕ್ರೇಷಿಯಂ ಪಾರ್ವಂ ಎಂದು ಹೆಸರಿಸಿದವನು ಡಾಲ್ಜೆಲ್. ಗಿಬ್ಸನ್ನನೊಡನೆ ಕೂಡಿ 1861ರಲ್ಲಿ ‘ಬಾಂಬೆ ಫ್ಲೋರಾ’ ಎಂಬ ಸಸ್ಯಕೋಶವನ್ನು ಪ್ರಕಟಿಸಿದವನು ಅವನೇ. ಕೊಂಕಣಕ್ಕೂ ಸಹ್ಯಾದ್ರಿಗೂ ಸೇರಿದ ಈ ಹೂವು ನಮ್ಮ ನೆರೆಯಲ್ಲಿದ್ದೂ ನಮಗೆ ಅಪರಿಚಿತ, ಅಲ್ಸ್‌ವಾಟರಿನ ಹೂ ಪರಿಚಿತ! ಇದಕ್ಕೆ ನಗಬೇಕೋ ಮರುಗಬೇಕೋ ನೀವೇ ಹೇಳಿರಿ.

ಅದನ್ನು ಕಂಡು ಬನ್ನಿರಿ, ಆದರೆ ಕಿತ್ತು ತರಬೇಡಿರಿ. ಕುಂಡಕ್ಕೆ ಬೇಕಾದದ್ದು ಬೇರೆ ಇದೆ, ಮಳೆಲಿಲ್ಲಿ. ನರ್ಸರಿಯವರು ರೈನ್ ಲಿಲಿ ಎನ್ನುತ್ತಾರೆ. ಘೋಡಬಂದರ್ ರಸ್ತೆಯ ಬದಿಯ ಯಾವ ನರ್ಸರಿಯಲ್ಲಿ ಕೇಳಿದರೂ ಕಪ್ಪು ಚೀಲವೊಂದನ್ನು ಎತ್ತಿ ಕೊಟ್ಟಾರು. ಇದೂ ನಮ್ಮ ದೇಶದ್ದಲ್ಲ, ಅಮೆರಿಕ ಖಂಡಗಳ ಉಷ್ಣಪ್ರದೇಶದಿಂದ ಬಂದದ್ದು. ಆದರೆ ನಮ್ಮ ಮೆಣಸಿನಕಾಯಿಯಂತೆ ಇಲ್ಲಿಯ ಹವೆಗೆ ಒಗ್ಗಿಹೋಗಿದೆ. ನಸುಗೆಂಪು, ಬಿಳಿ, ಹಳದಿ ಎಂದು ಮೂರು ಬಣ್ಣಗಳು ಸುಲಭವಾಗಿ ದೊರೆಯುತ್ತವೆ. ಡ್ಯಾಫೊಡಿಲ್ಲಿನ ಬಣ್ಣವೇ ಬೇಕೆನ್ನುವವರು ಹಳದಿಯದನ್ನು ಕೇಳಿ ತನ್ನಿರಿ. ಎತ್ತರವೂ ಆ ಗಿಡ್ಡ ತಳಿಯಷ್ಟೇ. ಬೇಸಗೆಯಲ್ಲೆಲ್ಲ ಹುಲ್ಲಿನ ಎಳೆಗಳ ಹಾಗೆ ಬಡವಾಗಿ ಕುಳಿತ ಗಿಡವು, ಮಳೆ ಬಿದ್ದ ಎರಡು ಮೂರು ದಿನಗಳಲ್ಲಿ ಕೆಂಪಡರಿದ ಮೊಗ್ಗಿನ ತುದಿಯನ್ನು ಮೇಲಕ್ಕೆ ನೂಕುತ್ತದೆ. ಬೆಳಗಿನ ಎಂಟೂವರೆಯ ಫಾಸ್ಟ್ ಲೋಕಲಿಗೆ ನೀವು ಹೊರಡುವಾಗ ಮುಚ್ಚಿದ್ದ ಮೊಗ್ಗು, ಬಿಸಿಲೇರಿದಂತೆ ಬಿಚ್ಚಿ, ಸಂಜೆ ನೀವು ಮರಳುವುದರೊಳಗೆ ಮತ್ತೆ ಮಡಚಿಕೊಂಡಿರುತ್ತದೆ. ಆದುದರಿಂದ ಆಫೀಸಿಗೆ ಹೋಗುವವರಿಗೆ ಈ ಹೂವು ಭಾನುವಾರದ ಹೂವು ಎಂಬ ಒಂದು ಕೊರತೆಯುಂಟು. ಒಂದೊಂದು ಹೂವಿನ ಆಯುಸ್ಸು ಎರಡು ಮೂರು ದಿನ. ಆದರೆ ಒಂದು ಮಳೆಗೆ ಒಂದು ತಂಡ, ಬಿಡುವಿನ ನಂತರದ ಇನ್ನೊಂದು ಮಳೆಗೆ ಇನ್ನೊಂದು ತಂಡ ಎಂಬಂತೆ, ಜೂನಿನಿಂದ ಅಕ್ಟೋಬರಿನ ತನಕ ಅವು ಬರುತ್ತಲೇ ಇರುತ್ತವೆ.

ಬೆಳೆಸುವ ಕ್ರಮವು ಸರಳ. ಕೆಂಪುಮಣ್ಣು, ಮರಳು, ಎಲೆಗೊಬ್ಬರ ಇವುಗಳನ್ನು ಸಮಭಾಗವಾಗಿ ಕಲಸಿ, ತಳದಲ್ಲಿ ತೂತುಗಳಿರುವ ಆರಿಂಚಿನ ಕುಂಡದಲ್ಲಿ ತುಂಬಿ, ಅಡಿಕೆಯ ಗಾತ್ರದ ಹತ್ತು ಹನ್ನೆರಡು ಗೆಡ್ಡೆಗಳನ್ನು ಒಂದಿಂಚು ಆಳದಲ್ಲಿ, ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿಯೇ ಊರಿರಿ. ಇವಕ್ಕೆ ಇಕ್ಕಟ್ಟೇ ಹಿತ. ಪ್ರತಿವರ್ಷ ಕುಂಡ ಬದಲಿಸುವ ಉಪಚಾರ ಬೇಡ. ನಾಲ್ಕೈದು ಗಂಟೆಯ ಬಿಸಿಲು ಬೀಳುವ ಕಡೆ ಇಡಿರಿ. ಏಪ್ರಿಲ್ ಕೊನೆಯಲ್ಲಿ ನೆಟ್ಟು, ಮೇ ತಿಂಗಳಿನಲ್ಲಿ ನೀರನ್ನು ತೀರ ಕಡಮೆ ಮಾಡಿರಿ. ಆ ಬಾಯಾರಿಕೆಯೇ ಮೊದಲ ಮಳೆಯಲ್ಲಿ ಹೂವಾಗುತ್ತದೆ. ಮೇಲಿನ ಗ್ಯಾಲರಿಯ ಚಪ್ಪಡಿ ಅಡ್ಡವಾಗಿ ಮಳೆನೀರು ಬೀಳದ ಮನೆಗಳವರು ಕುಂಡವನ್ನು ಒಂದು ರಾತ್ರಿ ಹೊರಗೆ ಇಟ್ಟುಬಂದರೆ ಸಾಕು. ಮಳೆಗಾಲದಲ್ಲಿ ಒಂದು ಶತ್ರುವಿನ ಕಡೆಗೆ ಗಮನವಿರಲಿ: ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ ಒಂದು ಕಂಬಳಿಹುಳು, ಲಿಲ್ಲಿಪತಂಗದ ಮರಿ, ಬಂತೆಂದರೆ ಒಂದೇ ರಾತ್ರಿಯಲ್ಲಿ ಎಲೆಗಳನ್ನು ಬುಡದವರೆಗೆ ತಿಂದು, ಗೆಡ್ಡೆಯ ಕೊರಳಿಗೂ ಬಾಯಿ ಹಾಕುತ್ತದೆ. ಔಷಧ ಸಿಂಪಡಿಸುವ ಬದಲು ಬೆಳಗ್ಗೆ ಎದ್ದು ಕಡ್ಡಿಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದು ಮೇಲು. ಈ ಗೆಡ್ಡೆಯೂ ತಿನ್ನತಕ್ಕದ್ದಲ್ಲ ಎಂಬುದು ನೆನಪಿರಲಿ.

ಇನ್ನೂ ಸ್ವಲ್ಪ ಜಾಗವುಳ್ಳವರಿಗೆ ಮೇ ತಿಂಗಳ ಕೊನೆಗೆ ಕೆಂಪು ಚೆಂಡನ್ನು ಎತ್ತಿ ಹಿಡಿಯುವ ಫುಟ್‌ಬಾಲ್ ಲಿಲ್ಲಿ ಇದೆ. ಇಲ್ಲಿಯವರು ನಿಶಿಗಂಧ ಎನ್ನುವ ನಮ್ಮ ಸುಗಂಧರಾಜವೂ ಇದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ‘ಪ್ರಜ್ವಲ್’ ಎಂಬ ತಳಿಯ ಗೆಡ್ಡೆ ದೊರೆತರೆ ಬಿಡಬೇಡಿರಿ. ಆದರೆ ಅದು ಸೊಂಟದೆತ್ತರಕ್ಕೆ ಏಳುವುದಾದ್ದರಿಂದ ಗ್ರಿಲ್ಲಿಗೆ ಒಪ್ಪುವಂಥದ್ದಲ್ಲ.

ಕಿತ್ತು ತರಬೇಡಿರಿ ಎಂದು ಮೇಲೆ ಬರೆದೆನಷ್ಟೆ. ಅದಕ್ಕೆ ಕಾರಣವನ್ನೂ ಹೇಳಬೇಕು. ಜೂನಿನ ಆರಂಭದಲ್ಲಿ ಠಾಣೆ, ಕಲ್ಯಾಣ, ಡೊಂಬಿವಲಿಗಳ ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಶೇವಳವೆಂಬ ಕಾಡುತರಕಾರಿಯ ಜೊತೆಗೆ ಫೋಡಶಿ ಎಂಬ ಎಳೆಯ ಎಲೆಗಳ ಕಟ್ಟುಗಳನ್ನು ಮಾರುವುದನ್ನು ನೀವು ನೋಡಿದ್ದೀರಿ, ಪಲ್ಯವನ್ನೂ ಮಾಡಿ ಉಂಡಿದ್ದೀರಿ. ಅದು ಸಫೇದ್ ಮುಸಲಿಯ ಎಲೆ. ಸ್ಪೇನ್ ದೇಶದಿಂದ ಬಂದು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿ, ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣೆಯ ಮುಖ್ಯಸ್ಥರಾದ ಪಾದ್ರಿ ಸಾಂತಾಪೌ ಅವರು, ಫರ್ನಾಂಡಿಸ್ ಅವರೊಡನೆ, 1950ರ ದಶಕದಲ್ಲಿ ಆ ಸಸ್ಯವನ್ನು ಶಾಸ್ತ್ರಕ್ಕೆ ಪರಿಚಯಿಸಿ ಬೊರಿವಲಿಯ ಹೆಸರನ್ನೇ ಅದಕ್ಕಿಟ್ಟರು. ಡ್ಯಾಫೊಡಿಲ್ಲಿನ ತವರಿನಿಂದ ಬಂದ ಆ ಮಹನೀಯರ ಕಣ್ಣು ನಮ್ಮ ಕಾಡಿನ ಕಿರುಗಿಡದ ಮೇಲೆ ನೆಟ್ಟಿತ್ತು ಎಂಬುದು ನನಗೆ ಬಹು ಪ್ರಿಯವಾದ ಸಂಗತಿ. ಎಲೆ ಕೊಯ್ದವರಿಂದ ಆ ಸಸ್ಯಕ್ಕೆ ಅಷ್ಟಾಗಿ ಕೇಡಾಗಲಿಲ್ಲ. ಔಷಧದ ವ್ಯಾಪಾರಕ್ಕಾಗಿ ಬೇರನ್ನು ಅಗೆದವರಿಂದ ಅದು ಕಾಡಿನಲ್ಲಿ ವಿರಳವಾಯಿತು. ಭಾನುವಾರ ಯೇವೂರಿನ ಗುಡ್ಡಕ್ಕೆ ತಿರುಗಾಡಲು ಹೋಗುವ ತರುಣರೇ, ಖಾರಘರದ ಬೆಟ್ಟದ ಝರಿಗಳನ್ನು ನೋಡಲು ಹೋಗುವ ಸಂಸಾರಗಳೇ, ಚೀಲದಲ್ಲಿ ಕುರ್ಚಿಗೆಯನ್ನು ಒಯ್ಯದಿರಿ. ಯೇವೂರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿಂದ ಗಿಡ ಕೀಳುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಸೊಸೈಟಿಗಳ ಕಮಿಟಿಯಲ್ಲಿರುವ ಮಹನೀಯರಲ್ಲಿ ಪ್ರತ್ಯೇಕವಾಗಿ ಒಂದು ಬಿನ್ನಹ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಕಟ್ಟಿದ ನವಿಮುಂಬಯಿಯ ಹಳೆಯ ಸೆಕ್ಟರುಗಳಲ್ಲಿ ಮನೆಯ ಮುಂದೆ ಒಂದು ಪಟ್ಟಿ ಮಣ್ಣನ್ನು ಬಿಟ್ಟಿದ್ದರು. ಡೊಂಬಿವಲಿಯ ಹಳೆಯ ಬಿಲ್ಡಿಂಗುಗಳ ಕಂಪೌಂಡಿನೊಳಗೂ ಅಂತಹ ಮಣ್ಣು ಇತ್ತು. ಕೆಸರಾಗುತ್ತದೆಂದು, ಕಾರಿಗೆ ಜಾಗ ಸಾಲದೆಂದು, ಅದಕ್ಕೆಲ್ಲ ಪೇವರ್ ಬ್ಲಾಕನ್ನು ಹಾಸಿಬಿಟ್ಟಿದ್ದೇವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದಾಗ ಕಲ್ಯಾಣ, ಬದಲಾಪುರಗಳ ಕೆಳಮನೆಗಳವರು ಏನು ಅನುಭವಿಸಿದರೆಂಬುದು ನಿಮಗೆ ಮರೆತಿರಲಾರದು. ಒಂದು ಗೋಡೆಯ ಬುಡದಲ್ಲಿ ಒಂದೂವರೆ ಅಡಿಯಗಲದ ಮಣ್ಣಿನ ಪಟ್ಟಿ ಬಿಟ್ಟ ಮಾತ್ರಕ್ಕೆ ಅಂತಹ ಪ್ರವಾಹ ತಪ್ಪುವುದೆಂದು ನಾನು ಹೇಳುವುದಿಲ್ಲ. ಆದರೆ ಸಾಧಾರಣ ಮಳೆಯ ನೀರು ಒಂದಿಷ್ಟಾದರೂ ನೆಲಕ್ಕೆ ಇಳಿಯುತ್ತದೆ; ಆ ಪಟ್ಟಿಯಲ್ಲಿ ಮಳೆಲಿಲ್ಲಿಯನ್ನು ಊರಿದರೆ ತೋಟದ ಮಾಲಿಗೆ ಹೆಚ್ಚಿನ ಸಂಬಳವನ್ನೂ ಕೊಡಬೇಕಾಗಿಲ್ಲ, ಏಕೆಂದರೆ ಅದಕ್ಕೆ ಮಾಲಿಯೇ ಬೇಡ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯವನ್ನು ಲಿಫ್ಟಿನ ರಿಪೇರಿಯ ಚರ್ಚೆ ಮುಗಿದ ಮೇಲಾದರೂ ಎತ್ತಿರಿ.

ನಮ್ಮ ಸಂಘಗಳವರಿಗೂ ಒಂದು ಕೋರಿಕೆ. ಮಂಜುನಾಥ ವಿದ್ಯಾಲಯದಂತಹ ಶಾಲೆಯನ್ನು ಕಟ್ಟಿ ನಡೆಸಿದ ಡೊಂಬಿವಲಿಯ ಕರ್ನಾಟಕ ಸಂಘದವರಿಗಾಗಲಿ, ವಾಶಿ, ಠಾಣೆಗಳ ಕನ್ನಡ ಬಳಗಗಳಿಗಾಗಲಿ, ಯಕ್ಷಗಾನವನ್ನೂ ರಾಜ್ಯೋತ್ಸವವನ್ನೂ ಏರ್ಪಡಿಸುವ ಶ್ರಮದ ಮುಂದೆ ಇದು ಏನೇನೂ ಅಲ್ಲ. ಮೇ ತಿಂಗಳಿನ ಒಂದು ಭಾನುವಾರ, ಸಭಾಗೃಹದ ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ಬಣ್ಣವನ್ನು ಬರೆದ ಕಾಗದದ ಪೊಟ್ಟಣಗಳು. ಇದ್ದವರು ಗೆಡ್ಡೆ ತರಲಿ, ಇಲ್ಲದವರು ಒಯ್ಯಲಿ, ಹಣದ ಮಾತು ಬೇಡ. ಊರಿಗೆ ಹೋಗಿ ಬರುವವರು ಅಜ್ಜಿಯ ಮನೆಯ ಅಂಗಳದಿಂದ ನಾಲ್ಕು ಗೆಡ್ಡೆ ತಂದರಂತೂ ಮತ್ತೂ ಸಂತೋಷ.

ಅಂತಹ ಮೇಜನ್ನು ಎಲ್ಲಿಯಾದರೂ ಹಾಕುವಿರಾದರೆ ನಾನೂ ಬರುತ್ತೇನೆ. ನನ್ನಲ್ಲಿ ಹಳದಿಯ ಗೆಡ್ಡೆಗಳು ಬೇಕಾದಷ್ಟಿವೆ. ಬಿಳಿಯದು ಕಳೆದ ಮಳೆಗಾಲದಲ್ಲಿ ಆ ಕಪ್ಪು ಹುಳುವಿನ ಪಾಲಾಯಿತು. ನಿಮ್ಮಲ್ಲಿ ಬಿಳಿಯದು ಹೆಚ್ಚಾಗಿದ್ದರೆ ಹತ್ತು ಗೆಡ್ಡೆಗಳನ್ನು ನನಗಾಗಿ ಎತ್ತಿಡಬೇಕೆಂದು ಪ್ರಾರ್ಥನೆ.

ಇಂತು ತಮ್ಮ ವಿಶ್ವಾಸದ,
ಡೊಂಬಿವಲಿ ಪೂರ್ವದ ಒಬ್ಬ ಹಿರಿಯ ಕನ್ನಡಿಗ